ತಾನಭೇದದ ನುಡಿಯೂ ಕೃತಕ ಶ್ರವಣವೂ

ಚೀನದ ರಾಷ್ಟ್ರಭಾಷೆಯಾದ ಮ್ಯಾಂಡರಿನ್ನಿನಲ್ಲಿ ‘ಮಾಯ್’ ಎಂಬ ಒಂದೇ ಉಚ್ಚಾರಣೆಗೆ ಕೊಳ್ಳುವುದೆಂಬ ಅರ್ಥವೂ ಉಂಟು, ಮಾರುವುದೆಂಬ ಅರ್ಥವೂ ಉಂಟು. ಧ್ವನಿಯನ್ನು ತಗ್ಗಿಗಿಳಿಸಿ ಮತ್ತೆ ಮೇಲೆತ್ತಿದರೆ ಅದು ಕೊಳ್ಳುವುದು. ಎತ್ತರದಿಂದ ಥಟ್ಟನೆ ಕೆಳಗಿಳಿಸಿದರೆ ಮಾರುವುದು. ‘ಥಾಂಗ್’ ಎಂಬುದನ್ನು ಎತ್ತರದಲ್ಲಿ ಸಮವಾಗಿ ನುಡಿದರೆ ಸಾರು, ಮೇಲಕ್ಕೇರಿಸಿ ನುಡಿದರೆ ಸಕ್ಕರೆ. ಶಬ್ದದ ಅರ್ಥವನ್ನೇ ನಿರ್ಣಯಿಸುವ ಈ ಬಗೆಯ ಏರಿಳಿತಕ್ಕೆ ಭಾಷಾಶಾಸ್ತ್ರಜ್ಞರು ‘ತಾನ’ ಎಂದು ಹೆಸರಿಟ್ಟಿದ್ದಾರೆ. ಮ್ಯಾಂಡರಿನ್ನಿನಲ್ಲಿ ಇಂಥ ತಾನಗಳು ನಾಲ್ಕು. ಇವಲ್ಲದೆ ಒತ್ತಿಲ್ಲದ ಅಕ್ಷರಗಳ ಮೇಲೆ ಬರುವ ಹಗುರವಾದ ತಟಸ್ಥ ತಾನವೊಂದಿದೆ. ಚಾವ್ ಯುಯೆನ್ ರೆನ್ ಎಂಬ ವಿದ್ವಾಂಸರು 1930ರಲ್ಲಿ ಧ್ವನಿಯ ಹರವನ್ನು ಐದು ಮೆಟ್ಟಿಲುಗಳಾಗಿ ವಿಭಾಗಿಸಿ, ತಾನಗಳನ್ನು ಅಂಕಿಗಳಿಂದ ಗುರುತಿಸುವ ಕ್ರಮವನ್ನು ರೂಪಿಸಿದರು. ಅದರಂತೆ ಮೊದಲನೆಯ ತಾನ 55, ಎಂದರೆ ಐದನೆಯ ಮೆಟ್ಟಿಲಿನಲ್ಲೇ ನಿಲ್ಲುವಂಥದು, ಎರಡನೆಯದು 35, ಮೂರನೆಯದು 214, ನಾಲ್ಕನೆಯದು 51. ತಾನಭೇದವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಈ ಭಾಷೆಯ ಉಚ್ಚಾರಣಾಕ್ಷರಗಳು ಸುಮಾರು 400, ಹಿಡಿದರೆ ಸುಮಾರು 1,300. ತಾನ ಕೇಳಿಸದವನಿಗೆ ಭಾಷೆಯ ಎಷ್ಟು ಭಾಗ ಅಳಿಸಿಹೋಗುವುದೆಂಬುದನ್ನು ಇದರಿಂದಲೇ ಊಹಿಸಬಹುದು.

ಕನ್ನಡದ ಕಿವಿಗೆ ಈ ವ್ಯವಸ್ಥೆ ಹೊಸದು. ‘ಬಂದನು’ ಎಂಬುದನ್ನು ಧ್ವನಿಯೇರಿಸಿ ನುಡಿದರೆ ಪ್ರಶ್ನೆಯಾಗಬಹುದು, ಆಶ್ಚರ್ಯವಾಗಬಹುದು, ಬಂದವನು ಹೋದವನಾಗುವುದಿಲ್ಲ. ಕನ್ನಡದಲ್ಲಿ ಅರ್ಥವನ್ನು ಕಾಯುವುದು ಹ್ರಸ್ವ ದೀರ್ಘಗಳು ಮತ್ತು ಒತ್ತಕ್ಷರಗಳು. ‘ಕೊಡು’ ‘ಕೋಡು’ಗಳನ್ನೂ ‘ಕತೆ’ ‘ಕತ್ತೆ’ಗಳನ್ನೂ ಬೇರ್ಪಡಿಸಲು ಸ್ಥಾಯಿಯ ನೆರವು ಬೇಕಿಲ್ಲ, ಕಾಲದ ಅಳತೆ ಸಾಕು. ತಾನಭೇದ ಚೀನಕ್ಕಷ್ಟೇ ಸೀಮಿತವೆಂದು ಇದರಿಂದ ತಿಳಿಯಬೇಕಾಗಿಲ್ಲ. ಭಾರತದಲ್ಲೇ ಪಂಜಾಬಿ, ಮಣಿಪುರಿ, ಮಿಜೋ ಭಾಷೆಗಳು ತಾನವುಳ್ಳವು.

ಹುಟ್ಟುಕಿವುಡಾದ ಮಗುವಿಗೆ ಶಸ್ತ್ರಚಿಕಿತ್ಸೆಯ ಮೂಲಕ ಶ್ರವಣವನ್ನು ಒದಗಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಇಂಥ ಭಾಷೆಯನ್ನು ಎದುರಿಸಿದಾಗ ಏನಾಗುತ್ತದೆಂಬುದೇ ಇಲ್ಲಿಯ ಪ್ರಶ್ನೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಕಾಕ್ಲಿಯಾ ಎಂಬ ಅಂಗವಿದೆ. ಅದರ ಸುಮಾರು 3,500 ಒಳ ರೋಮಕೋಶಗಳು ಧ್ವನಿಯ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿಸಿ ಶ್ರವಣನರಕ್ಕೆ ಒಪ್ಪಿಸುತ್ತವೆ. ಈ ಕೋಶಗಳು ನಾಶವಾದಲ್ಲಿ ಸಾಮಾನ್ಯ ಶ್ರವಣೋಪಕರಣ ಎಷ್ಟು ಗಟ್ಟಿಯಾಗಿ ಕೂಗಿದರೂ ಪ್ರಯೋಜನವಾಗದು. ಇಂಪ್ಲಾಂಟ್ ಸಾಧನವು ಈ ಕೋಶಗಳನ್ನು ದಾಟಿ, ಸುರುಳಿಯೊಳಗೆ ತೂರಿಸಿದ ತಂತಿಯ ಮೂಲಕ ನರವನ್ನೇ ನೇರವಾಗಿ ಪ್ರಚೋದಿಸುತ್ತದೆ. 1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಏರಿಯೆಸ್ ಎಂಬ ವಿಜ್ಞಾನಿಗಳು, 1961ರಲ್ಲಿ ಲಾಸ್ ಏಂಜಲೀಸಿನಲ್ಲಿ ವಿಲಿಯಂ ಹೌಸ್ ಎಂಬ ವೈದ್ಯರು ನಡೆಸಿದ ಪ್ರಯತ್ನಗಳು ಇದಕ್ಕೆ ನಾಂದಿಯಾದುವು. 1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಅನೇಕ ವಿದ್ಯುದಗ್ರಗಳುಳ್ಳ ಸಾಧನವನ್ನು ಅಳವಡಿಸಿದರು. ಚೀನದಲ್ಲಿ ಈ ಬಹುವಾಹಿನಿ ಸಾಧನದ ಶಸ್ತ್ರಚಿಕಿತ್ಸೆ 1995ರಲ್ಲಿ ಆರಂಭವಾಯಿತು.

ಸಾಧನ ಅದ್ಭುತವಾದುದೇ ಸರಿ. ಆದರೆ ಅದರ ದೌರ್ಬಲ್ಯ ಸ್ಥಾಯಿಯಲ್ಲಿದೆ. ಸಾವಿರಾರು ರೋಮಕೋಶಗಳ ಕೆಲಸವನ್ನು ತಯಾರಕರ ಮಾದರಿಗೆ ತಕ್ಕಂತೆ 12ರಿಂದ 22 ವಿದ್ಯುದಗ್ರಗಳು ಮಾಡಬೇಕು. ಅವುಗಳಿಂದ ಹೊರಟ ವಿದ್ಯುತ್ ಒಳಗಿವಿಯ ದ್ರವದಲ್ಲಿ ಹರಡಿ ಒಂದರೊಡನೊಂದು ಬೆರೆಯುತ್ತದೆ. ಯಂತ್ರವು ಒಂದೊಂದು ಪಟ್ಟಿಯಲ್ಲಿ ಧ್ವನಿ ಎಷ್ಟು ಗಟ್ಟಿಯಾಯಿತು, ಎಷ್ಟು ಮೆತ್ತಗಾಯಿತು ಎಂಬ ಹೊರರೇಖೆಯನ್ನು ಮಾತ್ರ ಕಳುಹಿಸಿ, ಒಳಗಿನ ಸೂಕ್ಷ್ಮ ಕಂಪನವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಇಂಗ್ಲಿಷಿನ ಸ್ವರವ್ಯಂಜನಗಳನ್ನು ಗುರುತಿಸಲು ಈ ಹೊರರೇಖೆ ಸಾಕಾಯಿತು. ಸಾಧನವನ್ನು ರೂಪಿಸಿದ ಪ್ರಯೋಗಶಾಲೆಗಳ ಸುತ್ತ ಆಡುತ್ತಿದ್ದುದು ಪಾಶ್ಚಾತ್ಯ ಭಾಷೆಗಳೇ ಆದುದರಿಂದ ಅದರ ಯಶಸ್ಸನ್ನು ಅಳೆದುದೂ ಆ ಭಾಷೆಗಳ ಪದಪಟ್ಟಿಗಳಿಂದಲೇ.

ಹಾಗಾದರೆ ಮ್ಯಾಂಡರಿನ್ ಮಕ್ಕಳಿಗೆ ತಾನವೇ ಕೇಳಿಸುವುದಿಲ್ಲವೆ? ಅಷ್ಟು ಸರಳವಾಗಿ ಹೇಳುವಂತಿಲ್ಲ. ಮೂರನೆಯ ತಾನವನ್ನು ಬಿಡಿಯಾಗಿ ನುಡಿದಾಗ ಅದು ಎಲ್ಲಕ್ಕಿಂತ ದೀರ್ಘ, ನಾಲ್ಕನೆಯದು ಎಲ್ಲಕ್ಕಿಂತ ಹ್ರಸ್ವ. ಸ್ಥಾಯಿ ಇಳಿದೆಡೆಯಲ್ಲಿ ಗಟ್ಟಿತನವೂ ಸಾಮಾನ್ಯವಾಗಿ ಇಳಿಯುತ್ತದೆ. ಈ ಪರೋಕ್ಷ ಸುಳಿವುಗಳನ್ನು ಯಂತ್ರ ಚೆನ್ನಾಗಿಯೇ ಸಾಗಿಸುತ್ತದೆ. 1998ರಲ್ಲಿ ಫೂ, ಜೆಂಗ್, ಶಾನನ್, ಸೋಲಿ ಎಂಬ ವಿಜ್ಞಾನಿಗಳು ಇಂಪ್ಲಾಂಟಿನ ಧ್ವನಿಯನ್ನು ಅನುಕರಿಸುವ ಕೃತಕ ನುಡಿಯನ್ನು ಕಿವಿ ಸರಿಯಿದ್ದ ಚೀನೀ ಭಾಷಿಕರಿಗೆ ಕೇಳಿಸಿದರು. ಪಟ್ಟಿಗಳ ಸಂಖ್ಯೆ ಕಡಮೆಯಾದಂತೆ ಸ್ವರವ್ಯಂಜನಗಳ ಗುರುತು ಕುಸಿಯಿತು. ತಾನಗಳನ್ನು ಮಾತ್ರ ಅವರು ನೂರಕ್ಕೆ ಸುಮಾರು 80ರಷ್ಟು ಸರಿಯಾಗಿ ಹೇಳುತ್ತಲೇ ಇದ್ದರು. ಆದರೆ ಇವರು ಭಾಷೆಯನ್ನು ಒಳ್ಳೆಯ ಕಿವಿಯಿಂದ ಕಲಿತು ಬೆಳೆದವರೆಂಬುದನ್ನು ಮರೆಯಬಾರದು. ಹುಟ್ಟಿದಂದಿನಿಂದ ಏನನ್ನೂ ಕೇಳದ ಮಗುವಿಗೆ ತಾನವೆಂಬುದೊಂದಿದೆ ಎಂಬ ಅರಿವೇ ಈ ಮಸುಕಾದ ಸುಳಿವುಗಳಿಂದ ಮೂಡಬೇಕು.

ಪರೀಕ್ಷೆಯನ್ನು ರಚಿಸುವವರ ಕಷ್ಟವೂ ಇಲ್ಲಿಯೇ ಮೊದಲಾಗುತ್ತದೆ. ‘ಮಾ’ ಎಂಬುದನ್ನು ನಾಲ್ಕು ತಾನಗಳಲ್ಲಿ ನುಡಿದು, ತಾಯಿ, ಸೆಣಬು, ಕುದುರೆ, ಬೈಯುವುದು ಎಂಬ ನಾಲ್ಕು ಚಿತ್ರಗಳಲ್ಲಿ ಒಂದನ್ನು ತೋರಿಸೆಂದು ಮಗುವನ್ನು ಕೇಳಿದರೆ, ಅದು ಉದ್ದದ ಅಳತೆಯಿಂದಲೇ ಉತ್ತರಿಸಿ ಗೆಲ್ಲಬಹುದು. ಆದಕಾರಣ ಸ್ಥಾಯಿಯ ಶ್ರವಣವನ್ನೇ ಅಳೆಯಬೇಕೆಂದವರು ನಾಲ್ಕು ಉಚ್ಚಾರಣೆಗಳನ್ನೂ ಒಂದೇ ಉದ್ದಕ್ಕೆ, ಒಂದೇ ಗಟ್ಟಿತನಕ್ಕೆ ತರುತ್ತಾರೆ. ಹಾಗೆ ಮಾಡಿದ ನುಡಿ ಬೀದಿಯ ನುಡಿಯಲ್ಲ ಎಂಬ ಆಕ್ಷೇಪಣೆಗೂ ಬಲವಿದೆ. ಇನ್ನು ಅಂಕಗಳ ಮಾತು. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೂ ನೂರಕ್ಕೆ 25 ಬರುತ್ತದೆ. ಎರಡರಲ್ಲಿ ಒಂದಾದರೆ 50. ಪರೀಕ್ಷೆಯ ಕ್ರಮ ತಿಳಿಯದ ತಂದೆತಾಯಿಗಳು 50 ಎಂಬ ಅಂಕವನ್ನು ಕಂಡು, ಮಗು ಅರ್ಧ ಕೇಳುತ್ತಿದೆಯೆಂದು ಸಮಾಧಾನಪಟ್ಟರೆ ಅದು ಘೋರ ತಪ್ಪು.

ಮಕ್ಕಳಿಗಾಗಿ ಇಂಗ್ಲಿಷಿನಲ್ಲಿದ್ದ ಬಾಲಶ್ರವಣ ಪರೀಕ್ಷೆಯನ್ನು ಮ್ಯಾಂಡರಿನ್ನಿಗೆ ಅಳವಡಿಸಿದವರು ಅದನ್ನು ಅನುವಾದಿಸಲಿಲ್ಲ, ಹೊಸದಾಗಿಯೇ ಕಟ್ಟಿದರು. 2009ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಧ್ವನಿ ಇದೆಯೋ ಇಲ್ಲವೋ ಎಂಬ ಮೊದಲ ಮೆಟ್ಟಿಲಿನಿಂದ ಸ್ವರ, ವ್ಯಂಜನಗಳವರೆಗೆ ಏರಿ, ಕೊನೆಗೆ ಮೂಲದಲ್ಲಿಲ್ಲದ ತಾನದ ಮೆಟ್ಟಿಲೊಂದು ಸೇರಿತು. ಇದಕ್ಕೆ ಮೊದಲೇ, 2007ರಲ್ಲಿ, ಲೀನಾ ವಾಂಗ್, ಸಿಗ್‌ಫ್ರಿಡ್ ಸೋಲಿ ಮೊದಲಾದವರು ಗದ್ದಲದ ನಡುವೆ ವಾಕ್ಯಗಳನ್ನು ಕೇಳಿಸುವ ಪರೀಕ್ಷೆಯನ್ನು ಮ್ಯಾಂಡರಿನ್ನಿನಲ್ಲಿ ಪ್ರಕಟಿಸಿದ್ದರು. ಅದರಲ್ಲಿ ಚೀನದ ಮುಖ್ಯಭೂಮಿಗೆ ಒಂದು, ತೈವಾನಿಗೆ ಒಂದು ಎಂದು ಎರಡು ಬೇರೆ ಆವೃತ್ತಿಗಳನ್ನು ಮಾಡಬೇಕಾಯಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ಪದಪಟ್ಟಿಗಳನ್ನು ಸಿದ್ಧಪಡಿಸಿದುದರ ಹಿಂದಿನ ತರ್ಕವೂ ಇದೇ: ಕಿವಿಯನ್ನು ಅದು ಬಲ್ಲ ನುಡಿಯಿಂದಲೇ ಅಳೆಯಬೇಕು.

ವಾಕ್ಯಪರೀಕ್ಷೆಯ ಅಂಕಗಳನ್ನು ಮಾತ್ರ ನೋಡುವವರು ಮೋಸಹೋಗುವ ಸಂಭವ ಉಂಟು. ‘ಅಂಗಡಿಗೆ ಹೋಗಿ ಪುಸ್ತಕವನ್ನು’ ಎಂದ ಮೇಲೆ ಬರುವ ‘ಮಾಯ್’ ಕೊಳ್ಳುವುದೇ ಹೊರತು ಮಾರುವುದಲ್ಲವೆಂದು ತಾನ ಕೇಳಿಸದವನೂ ಊಹಿಸಬಲ್ಲ. 2010ರಲ್ಲಿ ಪಟೇಲ್, ಷೂ, ವಾಂಗ್ ಎಂಬವರು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರು. ಮ್ಯಾಂಡರಿನ್ ವಾಕ್ಯಗಳ ಏರಿಳಿತವನ್ನೆಲ್ಲ ಅಳಿಸಿ ಏಕಶ್ರುತಿಯಲ್ಲಿ ಕೇಳಿಸಿದಾಗ, ನಿಶ್ಶಬ್ದವಾದ ಕೋಣೆಯಲ್ಲಿ ಕಿವಿ ಸರಿಯಿದ್ದವರಿಗೆ ತೊಂದರೆಯೇ ಆಗಲಿಲ್ಲ; ಗದ್ದಲ ಬೆರೆತೊಡನೆ ಅದೇ ವಾಕ್ಯಗಳು ಸಹಜ ವಾಕ್ಯಗಳಿಗಿಂತ ಬಹಳ ಹಿಂದೆ ಬಿದ್ದುವು. ಶಾಲೆಯ ಕೊಠಡಿ ನಿಶ್ಶಬ್ದವಾದುದಲ್ಲ. ಆಸ್ಪತ್ರೆಯ ಕೋಣೆಯಲ್ಲಿ ಚೆನ್ನಾಗಿ ಉತ್ತರಿಸಿದ ಮಗು ನಲವತ್ತು ಮಕ್ಕಳ ತರಗತಿಯಲ್ಲಿ ತಬ್ಬಿಬ್ಬಾದರೆ ಅದನ್ನು ಅಲಕ್ಷ್ಯವೆಂದೋ ಮಂದಬುದ್ಧಿಯೆಂದೋ ಉಪಾಧ್ಯಾಯರು ಎಣಿಸುವುದು ಅನ್ಯಾಯ. ಉಪಾಧ್ಯಾಯರೇ ತಿಳಿಯದೆ ಇನ್ನೊಂದು ಭ್ರಮೆಗೂ ಕಾರಣರಾಗುವುದುಂಟು. ಕಿವುಡು ಮಗುವಿನ ಮುಂದೆ ಅವರು ಮೂರನೆಯ ತಾನವನ್ನು ಎಳೆದೆಳೆದು ನುಡಿಯುತ್ತಾರೆ. ಮಗು ಎಳೆತವನ್ನು ಗುರುತಿಸುತ್ತದೆ, ತಾನವನ್ನಲ್ಲ. ಧ್ವನಿಮುದ್ರಿತ ಪರೀಕ್ಷೆಯನ್ನು ತಜ್ಞರು ಒತ್ತಾಯಿಸುವುದು ಇದಕ್ಕಾಗಿಯೇ.

ಇಷ್ಟು ದಿನಗಳ ಪರೀಕ್ಷೆಗಳಿಂದ ತಿಳಿದುಬಂದುದೇನು? ಇಂಪ್ಲಾಂಟ್ ಪಡೆದ ಮಕ್ಕಳಲ್ಲಿ ಕೆಲವರು ತಾನಗಳನ್ನು ಇತರ ಮಕ್ಕಳಷ್ಟೇ ಚೆನ್ನಾಗಿ ಗುರುತಿಸುತ್ತಾರೆ, ಕೆಲವರು ಊಹೆಯ ಮಟ್ಟವನ್ನು ದಾಟುವುದಿಲ್ಲ. ಎರಡನೆಯ ಮತ್ತು ಮೂರನೆಯ ತಾನಗಳು ಅತಿಯಾಗಿ ಅದಲುಬದಲಾಗುತ್ತವೆ, ಏಕೆಂದರೆ ಎರಡೂ ಏರಿ ಮುಗಿಯುವಂಥವು. ಕೇಳಿದ್ದು ಮಸುಕಾದಾಗ ನುಡಿದದ್ದೂ ಮಸುಕಾಗುತ್ತದೆ. ಇಂಥ ಅನೇಕ ಮಕ್ಕಳ ಮಾತಿನಲ್ಲಿ ನಾಲ್ಕು ತಾನಗಳೂ ಚಪ್ಪಟೆಯಾಗಿ ಒಂದರ ಹತ್ತಿರ ಒಂದು ಸರಿಯುತ್ತವೆ. ಶಸ್ತ್ರಚಿಕಿತ್ಸೆ ಎಳೆಯ ವಯಸ್ಸಿನಲ್ಲಾದಷ್ಟೂ, ಸಾಧನವನ್ನು ಬಳಸಿದ ವರ್ಷಗಳು ಹೆಚ್ಚಿದಷ್ಟೂ ಫಲಿತಾಂಶ ಉತ್ತಮ. ಸೂಕ್ಷ್ಮ ಕಂಪನವನ್ನೂ ಸಾಗಿಸಲೆಂದು ತಯಾರಕರು ಯಂತ್ರದ ಕ್ರಮಗಳನ್ನು ಬದಲಿಸಿ ನೋಡಿದ್ದಾರೆ. ಅವುಗಳ ಲಾಭ ಎಲ್ಲರಲ್ಲೂ ಒಂದೇ ಸಮನಾಗಿ ಕಂಡಿಲ್ಲ.

ಇದಕ್ಕಿಂತ ಸುಲಭವಾದ ಉಪಾಯವೊಂದು ಮತ್ತೊಂದು ಕಿವಿಯಲ್ಲಿ ದೊರಕಿತು. ಇಂಪ್ಲಾಂಟ್ ಹಾಕದ ಆ ಕಿವಿಯಲ್ಲಿ ಎತ್ತರದ ಧ್ವನಿಗಳು ಸಂಪೂರ್ಣವಾಗಿ ಹೋಗಿದ್ದರೂ, ಕೆಳಸ್ಥಾಯಿಯ ಅಲ್ಪಸ್ವಲ್ಪ ಶ್ರವಣ ಹಲವು ಮಕ್ಕಳಲ್ಲಿ ಉಳಿದಿರುತ್ತದೆ. ಗಂಡಸಿನ ಕಂಠ ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸಿನ ಕಂಠ ಸುಮಾರು 220 ಬಾರಿ ಕಂಪಿಸುವುದರಿಂದ, ತಾನದ ಏರಿಳಿತ ನಡೆಯುವುದೂ ಆ ಕೆಳಸ್ಥಾಯಿಯಲ್ಲಿಯೇ. ಅಲ್ಲಿಗೆ ಸಾಮಾನ್ಯ ಶ್ರವಣೋಪಕರಣವೊಂದನ್ನು ಸೇರಿಸಿ ಪರೀಕ್ಷಿಸಿದಾಗ ಅನೇಕರ ತಾನದ ಅಂಕಗಳು ಏರಿದುವು. ಇಂಪ್ಲಾಂಟ್ ಬಂದ ಮೇಲೆ ನಿಷ್ಪ್ರಯೋಜಕವೆಂದು ಪೆಟ್ಟಿಗೆಯಲ್ಲಿ ಎತ್ತಿಟ್ಟ ಹಳೆಯ ಉಪಕರಣವನ್ನು ಮತ್ತೆ ತೆಗೆದು ಮಗುವಿನ ಕಿವಿಗೆ ಹಾಕಬೇಕೆ ಬೇಡವೆ ಎಂಬುದನ್ನು ಪದಪಟ್ಟಿಯ ಪರೀಕ್ಷೆಯೊಂದೇ ಹೇಳಲಾರದು. ಉಪಕರಣವನ್ನು ಹಾಕಿ ಒಮ್ಮೆ, ತೆಗೆದು ಒಮ್ಮೆ, ತಾನದ ಪರೀಕ್ಷೆಯನ್ನು ನಡೆಸಿದರೆ ಮಗುವೇ ಹೇಳುತ್ತದೆ.