ಇಂಗ್ಲಿಷ್ ಪದಗಳೂ ಅವುಗಳ ಬಳಗವೂ

ವಿಷಯವನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಯೂ ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ಹಿಂಜರಿಯುವುದುಂಟು. ಕಾಗುಣಿತ ತಪ್ಪೀತೆಂಬ ಭಯದಿಂದ ತಕ್ಕ ಪದವನ್ನು ಬಿಟ್ಟು, ಹೇಳಬೇಕಾದುದರಲ್ಲಿ ಅರ್ಧವನ್ನು ಮಾತ್ರ ಹೇಳಿ ಮುಗಿಸುತ್ತಾನೆ. ಇದು ಬುದ್ಧಿಯ ಕೊರತೆಯಲ್ಲ. ಕಲಿಯುವ ಕ್ರಮದ ಕೊರತೆ.

ಕನ್ನಡವನ್ನು ನಾವು ಬಹುಮಟ್ಟಿಗೆ ನುಡಿದಂತೆ ಬರೆಯುತ್ತೇವೆ. ಇಂಗ್ಲಿಷಿನಲ್ಲಾದರೋ ನಲವತ್ತಕ್ಕೂ ಹೆಚ್ಚಿನ ಧ್ವನಿಗಳ ಹೊರೆಯನ್ನು 26 ಅಕ್ಷರಗಳೇ ಹೊರಬೇಕು. ಅದೂ ಸಾಲದೆಂಬಂತೆ, ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಬರವಣಿಗೆಯು ಕ್ರಮೇಣ ಸ್ಥಿರವಾಗುತ್ತ ಬಂದಿತು. ಉಚ್ಚಾರಣೆ ಮಾತ್ರ ಬದಲಾಗುತ್ತಲೇ ಹೋಯಿತು. ಚಾಕು ಎಂಬರ್ಥದ ‘ನೈಫ್’ ಪದದ ಮೊದಲಿಗಿರುವ ‘ಕೆ’ ಅಕ್ಷರವನ್ನು ಒಂದು ಕಾಲದಲ್ಲಿ ಬಾಯಲ್ಲಿಯೂ ನುಡಿಯುತ್ತಿದ್ದರು. ಈಗ ಕಿವಿಯೊಂದನ್ನೇ ನಂಬಿದವನ ಕೈ ತಪ್ಪುತ್ತದೆ.

ಹಾಗಾದರೆ ಉಪಾಯವೇನು? ಪದವನ್ನು ಒಂಟಿಯಾಗಿ ಉರುಹೊಡೆಯದೆ ಅದರ ಬಳಗದೊಡನೆ ಕಲಿಯಬೇಕು. ‘ಸೈನ್’ ಪದದಲ್ಲಿ ಮೌನವಾಗಿರುವ ‘ಜಿ’, ‘ಸಿಗ್ನಲ್’, ‘ಸಿಗ್ನೇಚರ್’ಗಳಲ್ಲಿ ಬಾಯಿ ಬಿಡುತ್ತದೆ. ಸಾಲವೆಂಬ ಅರ್ಥದ ‘ಡೆಟ್’ನಲ್ಲಿ ಕೇಳದ ‘ಬಿ’, ‘ಡೆಬಿಟ್’ನಲ್ಲಿ ಸ್ಪಷ್ಟವಾಗಿ ಕೇಳುತ್ತದೆ.

ಪದಸಂಪತ್ತಿಗೂ ಇದೇ ದಾರಿ. ಒಯ್ಯು ಎಂಬರ್ಥದ ಸಂಸ್ಕೃತದ ‘ಹೃ’ ಧಾತುವಿಗೆ ಉಪಸರ್ಗಗಳು ಸೇರಿ ಆಹಾರ, ವಿಹಾರ, ಸಂಹಾರ, ಪ್ರಹಾರಗಳಾದುದನ್ನು ನಾವು ಬಲ್ಲೆವು. ಲ್ಯಾಟಿನ್ ಮೂಲದ ‘ಪೋರ್ಟ್’ ಎಂಬುದಕ್ಕೂ ಹೊರುವುದು, ಒಯ್ಯುವುದು ಎಂದೇ ಅರ್ಥ. ಒಳಕ್ಕೆ ತರುವುದು ಇಂಪೋರ್ಟ್; ಹೊರಕ್ಕೆ ಒಯ್ಯುವುದು ಎಕ್ಸ್‌ಪೋರ್ಟ್; ಆಚೆಗೆ ಸಾಗಿಸುವುದು ಟ್ರಾನ್ಸ್‌ಪೋರ್ಟ್; ಸುದ್ದಿಯನ್ನು ಹೊತ್ತು ಮರಳುವುದು ರಿಪೋರ್ಟ್. ಒಂದು ಬೇರು ತಿಳಿದರೆ ನಾಲ್ಕು ಕೊಂಬೆಗಳು ಕೈಗೆ ಸಿಗುತ್ತವೆ.

ಬಳಗವೂ ಕೆಲವೊಮ್ಮೆ ಮೋಸಮಾಡುವುದುಂಟು. ‘ಪ್ರೊನೌನ್ಸ್’ ಪದದ ನಡುವೆ ‘ಯು’ವಿನ ಹಿಂದಿರುವ ‘ಓ’, ‘ಪ್ರೊನನ್ಸಿಯೇಷನ್’ ಎಂದಾಗ ಬಿದ್ದುಹೋಗುತ್ತದೆ. ಇಂಥವಕ್ಕೆ ಕೈಯ ಅಭ್ಯಾಸವೇ ಮದ್ದು. ಪದವನ್ನು ನೋಡಿ, ಮುಚ್ಚಿ, ನೆನಪಿನಿಂದ ಬರೆದು, ಮತ್ತೆ ತೆರೆದು ಹೋಲಿಸಬೇಕು. ಮರುದಿನವೊಮ್ಮೆ, ವಾರ ಕಳೆದು ಮತ್ತೊಮ್ಮೆ ಹಾಗೆಯೇ ಮಾಡಬೇಕು. ಆ ಪದವನ್ನು ಸ್ವಂತ ವಾಕ್ಯವೊಂದರಲ್ಲಿ ಬಳಸಿದ ಮೇಲೆಯೇ ಅದು ನಮ್ಮದಾದಂತೆ.

ದಿನಕ್ಕೆ ಐದು ಪದಗಳಾದರೂ ವರ್ಷಕ್ಕೆ ಸಾವಿರದ ಎಂಟುನೂರಕ್ಕೆ ಮಿಕ್ಕುತ್ತವೆ. ಅರ್ಧ ಮರೆತರೂ ಉಳಿದುದು ಸಣ್ಣ ಗಳಿಕೆಯಲ್ಲ. ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ದೂರವೆಂಬ ಮಾತನ್ನು ವಿದ್ಯಾರ್ಥಿ ಮಿತ್ರರು ನಂಬಬೇಕಾಗಿಲ್ಲ. ಧಾತು, ಉಪಸರ್ಗ, ಪ್ರತ್ಯಯಗಳನ್ನು ಬಿಡಿಸಿ ನೋಡುವ ಕಣ್ಣನ್ನು ಕನ್ನಡ ವ್ಯಾಕರಣವೇ ನಮಗೆ ಕೊಟ್ಟಿದೆ. ಅದನ್ನು ಇತ್ತಲೂ ತಿರುಗಿಸಿದರಾಯಿತು.