ಸೊಲ್ಲಾಪುರ–ಕಲಬುರಗಿ: ಆಕಾಶಮಾರ್ಗವು ರೈಲುಮಾರ್ಗಕ್ಕಿಂತ ಉದ್ದವೇ?

ಸೊಲ್ಲಾಪುರ ಮತ್ತು ಕಲಬುರಗಿ ರೈಲು ನಿಲ್ದಾಣಗಳ ನಡುವಿನ ಹಳಿಯ ಉದ್ದ 113 ಕಿ.ಮೀ. ಇದೇ ಎರಡು ಊರುಗಳ ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರವಾದರೋ ಸುಮಾರು 115 ಕಿ.ಮೀ. ಹಳಿ ಬಳಸಿಕೊಂಡು ಹೋಗುತ್ತದೆ, ಹಕ್ಕಿ ನೇರ ಹಾರುತ್ತದೆ; ಹಾಗಿದ್ದೂ ಆಕಾಶದ ದಾರಿ ಉದ್ದವಾದುದು ಹೇಗೆ?

ಕಾರಣ ಸರಳ. ಸೊಲ್ಲಾಪುರದ ಕಡೆಗೆ ಮುಖಮಾಡಿರದೆ, ಕಲಬುರಗಿ ನಗರವನ್ನು ದಾಟಿ ಪೂರ್ವಕ್ಕೆ, ಶ್ರೀನಿವಾಸ ಸರಡಗಿಯ ಬಳಿ ಅಲ್ಲಿಯ ವಿಮಾನ ನಿಲ್ದಾಣವಿದೆ. 2019ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ಈ ನಿಲ್ದಾಣದಲ್ಲಿ ಇಳಿದವರು ಊರು ಸೇರಲು ಮತ್ತೆ ಪಶ್ಚಿಮಕ್ಕೆ ಬರಬೇಕು. ಅಂತರವೆಂಬುದು ಊರಿನಿಂದ ಊರಿಗೆ ಒಂದು, ನಿಲ್ದಾಣದಿಂದ ನಿಲ್ದಾಣಕ್ಕೆ ಇನ್ನೊಂದು.

ಈ 115ನ್ನು ಪ್ರೌಢಶಾಲೆಯ ಮಕ್ಕಳೇ ಕಂಡುಹಿಡಿಯಬಹುದು. ಸೊಲ್ಲಾಪುರ ವಿಮಾನ ನಿಲ್ದಾಣವು 17.63 ಡಿಗ್ರಿ ಉತ್ತರ ಅಕ್ಷಾಂಶ, 75.93 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಕಲಬುರಗಿಯದು 17.31 ಮತ್ತು 76.96ರಲ್ಲಿ. ಅಕ್ಷಾಂಶದ ವ್ಯತ್ಯಾಸ 0.32 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ ಅದು 35 ಕಿ.ಮೀ. ಆಗುತ್ತದೆ. ರೇಖಾಂಶಗಳು ಧ್ರುವದತ್ತ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ನಮ್ಮ ಭಾಗದಲ್ಲಿ ಅವುಗಳ ಒಂದು ಡಿಗ್ರಿ ಸುಮಾರು 106 ಕಿ.ಮೀ. ಮಾತ್ರ, 1.03 ಡಿಗ್ರಿಗೆ 109 ಕಿ.ಮೀ. ಇವೆರಡೂ ಲಂಬಕೋನ ತ್ರಿಭುಜದ ಬಾಹುಗಳು. ಪೈಥಾಗೊರಸನ ಪ್ರಮೇಯವನ್ನು ಅನ್ವಯಿಸಿದರೆ ಕರ್ಣವು 115ರ ಹತ್ತಿರ ಬರುತ್ತದೆ. ದೂರ ಹೆಚ್ಚಾದಾಗ ಭೂಮಿಯ ಗೋಳಾಕೃತಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಇಷ್ಟು ಸಣ್ಣ ಅಂತರಕ್ಕೆ ಅದರ ಅಗತ್ಯವಿಲ್ಲ.

ಇನ್ನು ಹಾರಾಟದ ಅವಧಿ. ಗಂಟೆಗೆ 800 ಕಿ.ಮೀ. ವೇಗವೆಂದು ಭಾವಿಸಿ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಕೂಡಿಸುವುದು ಸಾಮಾನ್ಯವಾದ ಅಂದಾಜು. ಇಲ್ಲಿ ಒಂಬತ್ತು ನಿಮಿಷ, ಅದಕ್ಕೆ ಮೂವತ್ತು: ಒಟ್ಟು 39. ಸಣ್ಣ ನಿಲ್ದಾಣಗಳಿಗೆ ಬರುವ ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಇಷ್ಟು ಕಡಿಮೆ ದೂರದಲ್ಲಿ ಅದು ಪೂರ್ಣ ಎತ್ತರಕ್ಕೆ ಏರುವ ಮೊದಲೇ ಇಳಿಯಲು ಸಿದ್ಧವಾಗಬೇಕಾಗುತ್ತದೆ. ಮೇಲಾಗಿ, ಜಾಲತಾಣವೊಂದು ಹಾರಾಟದ ಅವಧಿಯನ್ನು ತೋರಿಸಿದ ಮಾತ್ರಕ್ಕೆ ಆ ದಾರಿಯಲ್ಲಿ ವಿಮಾನವಿದೆ ಎಂದು ಅರ್ಥವಲ್ಲ. ಅದು ಬರಿಯ ಭಾಗಾಕಾರ.

ಮಕ್ಕಳನ್ನು ಪ್ರವೇಶಕ್ಕೋ ಪರೀಕ್ಷೆಗೋ ಕಲಬುರಗಿಗೆ ಕಳುಹಿಸುವ ಅಕ್ಕಲಕೋಟದ ಪಾಲಕರು ಇದನ್ನು ಗಮನಿಸಬೇಕು. ನಕಾಶೆಯ ಮೇಲೆ ಎರಡು ವಿಮಾನ ನಿಲ್ದಾಣಗಳನ್ನು ಸೇರಿಸುವ ಗೆರೆ ಅಕ್ಕಲಕೋಟದ ಮಗ್ಗುಲಲ್ಲೇ ಹಾದುಹೋಗುತ್ತದೆ. ನಾಳೆಯೇ ವಿಮಾನ ಬಂದರೂ ಅದನ್ನು ಹತ್ತಲು ಮೂವತ್ತು ಕಿ.ಮೀ.ಗೂ ಹೆಚ್ಚು ದೂರ ವಿರುದ್ಧ ದಿಕ್ಕಿಗೆ ಹೋಗಿ, ಗಂಟೆ ಮೊದಲೇ ಹಾಜರಾಗಿ, ಬಳಿಕ ತಮ್ಮೂರಿನ ಮೇಲೆಯೇ ಹಾರಿ ಬರಬೇಕು! ವೇಗದ ರೈಲು ಸೊಲ್ಲಾಪುರದಿಂದ ಕಲಬುರಗಿಗೆ ಒಂದೂವರೆಯಿಂದ ಎರಡು ಗಂಟೆಯಲ್ಲಿ ತಲುಪುತ್ತದೆ, ಅದೂ ಊರೊಳಗೇ.

ಆದ್ದರಿಂದ ಗಡಿಭಾಗದ ಸಂಪರ್ಕಕ್ಕಾಗಿ ಮನವಿ ಬರೆಯುವಾಗ ನಾವು ಮೊದಲು ಕೇಳಬೇಕಾದುದು ವಿಮಾನವನ್ನಲ್ಲ. ಬೆಳಗಿನ ಹತ್ತು ಗಂಟೆಯ ಪರೀಕ್ಷೆಗೆ ಸಾಕಷ್ಟು ಮುಂಚೆ ಕಲಬುರಗಿ ಮುಟ್ಟುವಂತೆ ಅಕ್ಕಲಕೋಟ ರೋಡ್, ದುಧನಿ ನಿಲ್ದಾಣಗಳಲ್ಲಿ ರೈಲು ನಿಲ್ಲಬೇಕು. ಅಕ್ಕಲಕೋಟ ಊರಿನಿಂದ ದೂರವಿರುವ ಆ ನಿಲ್ದಾಣಕ್ಕೆ ಅದೇ ಹೊತ್ತಿಗೆ ಬಸ್ ಹೊಂದಬೇಕು. ಮನವಿಯಲ್ಲಿ ಕಿಲೋಮೀಟರಿನ ಜೊತೆಗೆ ಮನೆಯ ಬಾಗಿಲಿನಿಂದ ಪರೀಕ್ಷಾ ಕೊಠಡಿಯವರೆಗಿನ ಗಂಟೆಗಳನ್ನೂ ನಮೂದಿಸಿರಿ.