ಲೂಕಾಸ್ ಗೆದ್ದ 39 ಅಂಕಿಗಳ ಸಂಖ್ಯೆ

7 ಅವಿಭಾಜ್ಯ ಸಂಖ್ಯೆ. 1 ಮತ್ತು 7ನ್ನು ಬಿಟ್ಟು ಬೇರಾವ ಸಂಖ್ಯೆಯೂ ಅದನ್ನು ನಿಶ್ಶೇಷವಾಗಿ ಭಾಗಿಸುವುದಿಲ್ಲ. ಇದನ್ನು ಆರನೇ ತರಗತಿಯ ವಿದ್ಯಾರ್ಥಿಯೂ ಹೇಳಬಲ್ಲ. ಆದರೆ ಈ ಸಂಖ್ಯೆ?

170141183460469231731687303715884105727

ಇದರಲ್ಲಿ 39 ಅಂಕಿಗಳಿವೆ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಿಂದ 1 ಕಳೆದರೆ ಇದು ದೊರೆಯುತ್ತದೆ. ಚಿಕ್ಕದಾಗಿ ಬರೆದರೆ 2¹²⁷ – 1. ಇಂಥ ಸಂಖ್ಯೆಗಳಿಗೆ ಫ್ರಾನ್ಸಿನ ಪಾದ್ರಿ ಮೆರ್ಸೆನ್‌ನ ಹೆಸರಿದೆ. 3, 7, 31, 127 ಇದೇ ಕುಟುಂಬದ ಚಿಕ್ಕ ಸದಸ್ಯರು. ಹಾಗೆಂದು ಎಲ್ಲವೂ ಅವಿಭಾಜ್ಯವಲ್ಲ. 2¹¹ – 1, ಅಂದರೆ 2047, 23 ಮತ್ತು 89ರ ಗುಣಲಬ್ಧ. 1644ರಲ್ಲಿ ಮೆರ್ಸೆನ್ ಕೊಟ್ಟ ಅವಿಭಾಜ್ಯಗಳ ಪಟ್ಟಿಯಲ್ಲಿ 2⁶⁷ – 1 ಮತ್ತು 2¹²⁷ – 1 ಎರಡೂ ಇದ್ದವು. ಸಾಧನೆ ಮಾತ್ರ ಇರಲಿಲ್ಲ.

ಭಾಗಿಸಿ ನೋಡಬಹುದಲ್ಲವೇ? ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಮಾತ್ರ, ಸೆಕೆಂಡಿಗೆ ಒಂದರಂತೆ ಭಾಗಿಸುತ್ತ ಹೋದರೂ 900 ಕೋಟಿ ವರ್ಷಗಳು ಸಾಲವು. ಭೂಮಿಯ ವಯಸ್ಸೇ ಸುಮಾರು 450 ಕೋಟಿ ವರ್ಷ!

ಫ್ರಾನ್ಸಿನ ಶಾಲೆಗಳಲ್ಲಿ ಗಣಿತ ಕಲಿಸುತ್ತಿದ್ದ ಎಡ್ವರ್ಡ್ ಲೂಕಾಸ್ (1842–1891) ಬೇರೆ ದಾರಿ ಹುಡುಕಿದ. ಮಕ್ಕಳು ಬಿಲ್ಲೆಗಳನ್ನು ಸಾಗಿಸುವ ‘ಹನೋಯ್ ಗೋಪುರ’ ಆಟ ಇವನದೇ ಕೊಡುಗೆ. ಅದರಲ್ಲಿ 5 ಬಿಲ್ಲೆಗಳಿಗೆ 2⁵ – 1, ಅಂದರೆ 31 ನಡೆಗಳು ಬೇಕು. ಅವನ ಪರೀಕ್ಷೆಯನ್ನು 1930ರ ದಶಕದಲ್ಲಿ ಅಮೆರಿಕದ ಲೆಹ್ಮರ್ ಸರಳಗೊಳಿಸಿದ.

ಅದನ್ನು 31ರ ಮೇಲೆ ಪ್ರಯೋಗಿಸೋಣ. 4ರಿಂದ ಆರಂಭಿಸಿ. ವರ್ಗ ಮಾಡಿ, 2 ಕಳೆದು, 31ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಿ. ಮೊದಲು 14. ಅನಂತರ 194, ಅದರ ಶೇಷ 8. ಮೂರನೆಯ ಸಲ 64ರಲ್ಲಿ 2 ಕಳೆದರೆ 62, ಶೇಷ ಸೊನ್ನೆ. ಘಾತಸೂಚಿ 5 ಆದ್ದರಿಂದ, ಅದಕ್ಕಿಂತ 2 ಕಡಿಮೆ, ಅಂದರೆ 3 ಹೆಜ್ಜೆ. ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 2047ಕ್ಕೆ 9 ಹೆಜ್ಜೆಗಳ ಕೊನೆಯಲ್ಲಿ ಉಳಿಯುವುದು 1736. ಮನೆಯಲ್ಲಿ ಮಾಡಿ ನೋಡಿ.

2¹²⁷ – 1ಕ್ಕೆ ಈ ಪರೀಕ್ಷೆಯಲ್ಲಿ 125 ಹೆಜ್ಜೆಗಳು ಸಾಕು. ಆದರೆ ಪ್ರತಿ ಹೆಜ್ಜೆಯಲ್ಲೂ ಭಾರಿ ಸಂಖ್ಯೆಯ ವರ್ಗ ಮಾಡಬೇಕು. ಎಲ್ಲೋ ಒಂದು ಅಂಕಿ ತಪ್ಪಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. 1876ರಲ್ಲಿ, ಯಂತ್ರದ ನೆರವಿಲ್ಲದೆ, ಈ ಸಂಖ್ಯೆ ಅವಿಭಾಜ್ಯವೆಂದು ಲೂಕಾಸ್ ತೋರಿಸಿದ. 1951ರವರೆಗೆ, 75 ವರ್ಷಗಳ ಕಾಲ, ಅದಕ್ಕಿಂತ ದೊಡ್ಡ ಅವಿಭಾಜ್ಯ ಯಾರಿಗೂ ತಿಳಿದಿರಲಿಲ್ಲ.

2⁶⁷ – 1ರ ಗತಿ ಬೇರೆಯಾಯಿತು. ಅದು ಅವಿಭಾಜ್ಯವಲ್ಲವೆಂದು ಲೂಕಾಸ್‌ನ ಪರೀಕ್ಷೆ ಹೇಳಿತು. ಯಾವುದು ಭಾಗಿಸುತ್ತದೆ ಎಂಬುದನ್ನು ಹೇಳಲಿಲ್ಲ. 193707721 ಮತ್ತು 761838257287 ಅದರ ಅಪವರ್ತನಗಳೆಂದು 1903ರಲ್ಲಿ ಅಮೆರಿಕದ ಎಫ್.ಎನ್. ಕೋಲ್ ತೋರಿಸಿದಾಗ ಮೆರ್ಸೆನ್‌ನ ತಪ್ಪು ಕಣ್ಣಿಗೇ ಕಂಡಿತು. ಹೆಸರಾಂತ ವಿದ್ವಾಂಸ ಹೇಳಿದನೆಂಬ ಕಾರಣಕ್ಕೆ ಗಣಿತದಲ್ಲಿ ಯಾವುದೂ ಸತ್ಯವಾಗುವುದಿಲ್ಲ.

2024ರ ಅಕ್ಟೋಬರ್‌ನಲ್ಲಿ ಲೂಕ್ ಡುರಾಂಟ್ ಎಂಬುವರು ಪತ್ತೆಮಾಡಿದ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಅದೂ ಮೆರ್ಸೆನ್ ಕುಟುಂಬದ್ದೇ. ಅದನ್ನು ಖಚಿತಪಡಿಸಿದ ಪ್ರಬಲ ಕಂಪ್ಯೂಟರುಗಳೂ ಮಾಡಿದ್ದು ಇದನ್ನೇ: ವರ್ಗ ಮಾಡು, 2 ಕಳೆ, ಶೇಷ ಉಳಿಸಿಕೊ. ಶಾಲಾ ಶಿಕ್ಷಕನೊಬ್ಬ ಕಾಗದದ ಮೇಲೆ ಹಾಕಿಕೊಟ್ಟ ದಾರಿ ಇನ್ನೂ ಸವೆದಿಲ್ಲ.